ಅಜ್ಜಿಯ ಬೀರುವಿಗೆ ವಯಸ್ಸೆಷ್ಟು, ಬೆಲೆಯೆಷ್ಟು?

ನಿಮ್ಮ ಮನೆಯ ನಡುಕೋಣೆಯಲ್ಲೋ, ಅಟ್ಟದ ಮೆಟ್ಟಿಲ ಪಕ್ಕದಲ್ಲೋ ಒಂದು ಹಳೆಯ ಮರದ ಬೀರು ಇದೆಯೇ? ಬಾಗಿಲಿಗೆ ಉದ್ದನೆಯ ಕನ್ನಡಿ, ತಲೆಯ ಮೇಲೆ ಕೆತ್ತನೆಯ ಕಿರೀಟ, ಕೆಳಗೊಂದು ಎಳೆದರೂ ಬಾರದ ಡ್ರಾಯರ್, ತೆರೆದರೆ ನುಸಿಗುಳಿಗೆಯ ವಾಸನೆ! ಅದು ಅತ್ತೆಯವರ ಕಾಲದ್ದೋ, ಅವರ ಅತ್ತೆಯವರ ಕಾಲದ್ದೋ ಯಾರಿಗೂ ಸರಿಯಾಗಿ ನೆನಪಿಲ್ಲ. ರೇಷ್ಮೆ ಸೀರೆಗಳು, ಮನೆಪತ್ರ, ಮಕ್ಕಳ ಜಾತಕ ಎಲ್ಲಕ್ಕೂ ಅದೇ ಆಸರೆ.

ಇಂಥ ಬೀರು ಇರುವ ಮನೆಗೆ ಒಂದಲ್ಲ ಒಂದು ದಿನ ಹಳೇ ಸಾಮಾನಿನವರು ಬಂದೇ ಬರುತ್ತಾರೆ. ಮಗಳ ಮದುವೆ ಗೊತ್ತಾದಾಗ, ಮನೆ ಬದಲಾಯಿಸುವಾಗ, ಅಣ್ಣತಮ್ಮಂದಿರ ಪಾಲು ನಡೆಯುವಾಗ ಅವರಿಗೆ ಹೇಗೋ ಸುದ್ದಿ ಮುಟ್ಟಿಬಿಡುತ್ತದೆ. “ಅಮ್ಮಾವ್ರೇ, ಇದಕ್ಕೆ ಹುಳ ಹಿಡಿದಿದೆ. ಸೌದೆ ಲೆಕ್ಕ ಅಷ್ಟೇ. ಜಾಗ ಖಾಲಿಯಾಗುತ್ತಲ್ಲ ಅಂತ ತಗೊಂಡು ಹೋಗ್ತೀನಿ” ಅಂತಾರೆ. ಕೈಗೆ ಸಿಕ್ಕಷ್ಟು ನೋಟು ಇಟ್ಟು ಗಾಡಿಗೆ ಏರಿಸಿದರೆ ಮುಗಿಯಿತು. ಅಂಥ ಸಾಮಾನು ಪಾಲಿಶ್ ಹೊಡೆಸಿಕೊಂಡು ಕಾರೈಕುಡಿಯಲ್ಲೋ, ಕೊಚ್ಚಿಯ ಮಟ್ಟಾಂಚೇರಿಯಲ್ಲೋ, ಮುಂಬಯಿಯ ಚೋರ್ ಬಜಾರಿನಲ್ಲೋ ಬೇರೆಯದೇ ಬೆಲೆಗೆ ನಿಂತಿರುತ್ತದೆ.

ಇನ್ನೊಂದು ಕಡೆ, ಮನೆಗೆ ಬಂದ ನೆಂಟರು “ಇನ್ನೂರು ವರ್ಷದ್ದು ಕಣ್ರೀ, ಲಕ್ಷಗಟ್ಟಲೆ ಬರುತ್ತೆ” ಎಂದು ಆಸೆ ಹುಟ್ಟಿಸುತ್ತಾರೆ. ಇವರಿಬ್ಬರ ಮಾತನ್ನೂ ನಂಬಬೇಡಿ. ಒಂದು ಮಧ್ಯಾಹ್ನ ಊಟ ಮುಗಿದ ಮೇಲೆ ಟಾರ್ಚು, ಅಳತೆ ಟೇಪು, ಒಂದು ನೋಟ್ ಪುಸ್ತಕ ಹಿಡಿದು ನೀವೇ ಕುಳಿತು ನೋಡಿ. ವಯಸ್ಸು ಸುಮಾರಾಗಿ ತಿಳಿಯುತ್ತದೆ. ಇದಕ್ಕಿಂತ ಕಡಿಮೆಗೆ ಕೊಡಕೂಡದು ಎಂಬ ಒಂದು ಲೆಕ್ಕವೂ ಕೈಗೆ ಸಿಗುತ್ತದೆ.

ಬೀರು ನಮ್ಮ ಮನೆಗೆ ಬಂದದ್ದು

ಬೀರು ನಮ್ಮ ಹಳೆಯ ಮನೆಗಳ ಸಾಮಾನಲ್ಲ. ನಮ್ಮ ಹಿರಿಯರು ಬಟ್ಟೆಯನ್ನು ಮಡಿಸಿ ಪೆಟ್ಟಿಗೆಯಲ್ಲಿ ಇಡುತ್ತಿದ್ದರು, ಇಲ್ಲವೇ ಗಳುವಿನ ಮೇಲೆ ಹಾಕುತ್ತಿದ್ದರು. ‘ಅಲ್ಮೇರಾ’ ಎಂಬುದು ಪೋರ್ಚುಗೀಸರಿಂದ ಬಂದ ಮಾತು. ‘ಬೀರು’ ಎಂಬುದು ‘ಬ್ಯೂರೋ’ ಎಂಬ ಫ್ರೆಂಚ್ ಮಾತಿನ ತದ್ಭವ. ಬ್ರಿಟಿಷರ ಬಂಗಲೆ, ದಂಡು ಪ್ರದೇಶ, ಕಾಫಿ ತೋಟಗಳಲ್ಲಿ ಇದ್ದದ್ದನ್ನು ನೋಡಿ ಅಮಲ್ದಾರರು, ವಕೀಲರು, ಡಾಕ್ಟರುಗಳು ನಮ್ಮ ಆಚಾರಿಗಳ ಕೈಯಲ್ಲಿ ಮಾಡಿಸಿಕೊಂಡರು. ಹಾಗಾಗಿ ಸಾಧಾರಣ ಮನೆಯ ಬೀರು ಇನ್ನೂರು ವರ್ಷದ್ದು ಎಂದರೆ ಸ್ವಲ್ಪ ಅನುಮಾನದಿಂದಲೇ ನೋಡಿ. ಗೋದ್ರೆಜ್ ಕಂಪನಿ ಉಕ್ಕಿನ ಬೀರು ಮಾಡಲು ಶುರುಮಾಡಿದ್ದು 1923ರಲ್ಲಿ. ಅದು ಊರೂರಿಗೆ ಹರಡಿದ ಮೇಲೆ ಮರದ ಬೀರು ಮೂಲೆ ಸೇರಿತು.

ಆಕಾರವೂ ಸ್ವಲ್ಪ ಸುಳಿವು ಕೊಡುತ್ತದೆ. ಭಾರವಾದ ಕಿರೀಟ, ಹೂಬಳ್ಳಿ, ಕಡೆದ ಉರುಟು ಕಾಲುಗಳಿದ್ದರೆ ವಿಕ್ಟೋರಿಯಾ ರಾಣಿ ಕಾಲದ ಮಾದರಿ. ದುಂಡು ಮೂಲೆ, ಮೆಟ್ಟಿಲು ಮೆಟ್ಟಿಲಾದ ತಲೆ ಇದ್ದರೆ 1930-40ರ ಫ್ಯಾಷನ್. ನೇರ ಗೆರೆ, ಕೆಳಗೆ ಸಣ್ಣಗಾಗುವ ಕಾಲುಗಳಾದರೆ 1950-60ರದು. ಆದರೆ ಹಳೆಯ ಮಾದರಿಯನ್ನು ಆಚಾರಿಗಳು ಬಹಳ ವರ್ಷ ಮಾಡುತ್ತಲೇ ಇದ್ದರು. ಆದ್ದರಿಂದ ಆಕಾರ ನೋಡಿ ತೀರ್ಪು ಕೊಡಬೇಡಿ.

ಮುಂದೆ ಅಲ್ಲ, ಹಿಂದೆ ನೋಡಿ

ಮುಂಭಾಗಕ್ಕೆ ಪಾಲಿಶ್ ಹೊಡೆದಿರುತ್ತಾರೆ. ಪಾಲಿಶ್ ಕಾಣದ ಜಾಗದಲ್ಲೇ ನಿಜವಾದ ವಯಸ್ಸು ಇರುವುದು. ಇಬ್ಬರು ಸೇರಿ ಬೀರುವನ್ನು ಗೋಡೆಯಿಂದ ಸ್ವಲ್ಪ ಸರಿಸಿ. ಡ್ರಾಯರನ್ನು ಪೂರ್ತಿ ಹೊರಗೆಳೆದು ಬೋರಲು ಹಾಕಿ.

ಗರಗಸದ ಗುರುತು: ಹಿಂಬದಿಯ ಹಲಗೆಯ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಗೆರೆಗಳು ನೆಟ್ಟಗಿದ್ದೂ ಒಂದಕ್ಕೊಂದು ಸಮವಾಗಿಲ್ಲದಿದ್ದರೆ ಕೈಗರಗಸದಲ್ಲಿ ಕೊಯ್ದ ಹಲಗೆ. ಕಮಾನಿನಂತೆ ಬಾಗಿದ್ದರೆ ಯಂತ್ರದ ಚಕ್ರಗರಗಸದ್ದು. ಬೆರಳು ಆಡಿಸಿದಾಗ ಸಣ್ಣ ಅಲೆಯಂತೆ ಸಿಕ್ಕರೆ ಅದು ಉಜ್ಜುಗೊರಡಿನ ಕೆಲಸ.

ಕೂಡು: ಡ್ರಾಯರಿನ ಮೂಲೆಯಲ್ಲಿ ಎರಡು ಹಲಗೆಗಳನ್ನು ಬೆರಳು ಹೆಣೆದಂತೆ ಕೂಡಿಸಿರುತ್ತಾರೆ. ಈ ಹಲ್ಲುಗಳು ಒಂದು ಅಗಲ, ಒಂದು ಕಿರಿದಾಗಿದ್ದು, ಪಕ್ಕದಲ್ಲಿ ಆಚಾರಿ ಗೀಚಿದ ಗುರುತು ಉಳಿದಿದ್ದರೆ ಕೈಕೆಲಸ. ಅಚ್ಚು ಹೊಡೆದಂತೆ ಎಲ್ಲವೂ ಒಂದೇ ಅಳತೆಯಾದರೆ ಯಂತ್ರದ್ದು. ನಮ್ಮ ಕಡೆ ಕೈಕೆಲಸ ಇಂದಿಗೂ ಇದೆ. ಅದೊಂದೇ ಹಳೆಯದೆಂಬುದಕ್ಕೆ ಸಾಕ್ಷಿಯಾಗದು.

ತಿರುಪು: ತಲೆಯ ಮೇಲೆ ಒಂದೇ ಗೀರು ಇರುವ ತಿರುಪು ಹಳೆಯ ಬಗೆ. ಕೂಡಿಸುವ ಗುರುತಿನಂಥ ಗೀರು ಇರುವ ತಿರುಪು ಅಮೆರಿಕದಲ್ಲಿ ಬಂದದ್ದೇ 1930ರ ದಶಕದಲ್ಲಿ, ನಮ್ಮ ಊರುಗಳಿಗೆ ಇನ್ನೂ ತಡವಾಗಿ. ಅಂಥದ್ದು ಕಂಡರೆ ಬೀರು ಹೊಸದು, ಅಥವಾ ಆಮೇಲೆ ರಿಪೇರಿಯಾಗಿದೆ. ಹಳೆಯ ಕಬ್ಬಿಣದ ಮೊಳೆಯ ಸುತ್ತ ಮರ ಕಪ್ಪಗಾಗಿರಬೇಕು. ಹಲಗೆ ಹಳೆಯದು, ಮೊಳೆ ಮಾತ್ರ ಫಳಫಳ ಎಂದರೆ ಅನುಮಾನಿಸಿ.

ಅಂಟು ಮತ್ತು ಹಲಗೆ: ಹಿಂದೆಲ್ಲ ಪ್ರಾಣಿಗಳ ಚರ್ಮ, ಮೂಳೆ ಬೇಯಿಸಿದ ಸರೇಸನ್ನೇ ಕಾಯಿಸಿ ಹಚ್ಚುತ್ತಿದ್ದರು. ಒಣಗಿದ ಮೇಲೆ ಅದು ಕಂದುಬಣ್ಣಕ್ಕೆ ತಿರುಗಿ, ಗಾಜಿನ ಚೂರಿನಂತೆ ಪುಡಿಯಾಗುತ್ತದೆ. ಬಿಳಿ ಅಂಟಾದ ಫೆವಿಕಾಲ್ ಬಂದದ್ದು 1959ರಲ್ಲಿ. ಒಳಗೆ ಮೊದಲಿನಿಂದಲೂ ಪ್ಲೈವುಡ್ ಇದ್ದರೆ ಬೀರು 20ನೇ ಶತಮಾನದ್ದು ಎಂದು ಧೈರ್ಯವಾಗಿ ಹೇಳಬಹುದು.

ಗುಂಡಿ: ಮರದ ಗುಂಡು ಹಿಡಿಯನ್ನು ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ ಅಳೆಯಿರಿ. ಮರ ಎಳೆಯ ಉದ್ದಕ್ಕೆ ಕುಗ್ಗುವುದಿಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ಹಾಗಾಗಿ ಹಳೆಯ ಗುಂಡಿ ತುಸು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಎಷ್ಟು ಸುಲಭದ ಪರೀಕ್ಷೆ, ಅಲ್ಲವೇ?

ಬೀಗ, ಹೆಸರುಪಟ್ಟಿ, ಕನ್ನಡಿ

ಬೀಗದ ಹಿತ್ತಾಳೆಯ ಮೇಲೆ ಏನಾದರೂ ಅಚ್ಚಾಗಿದೆಯೇ ನೋಡಿ. ಕಿರೀಟದ ಜೊತೆ ‘ವಿ.ಆರ್.’ ಎಂದಿದ್ದರೆ ಅದು ವಿಕ್ಟೋರಿಯಾ ರಾಣಿಯ ಗುರುತು. ಆಕೆ ತೀರಿಕೊಂಡದ್ದು 1901ರಲ್ಲಿ. ‘ಜಿ.ಆರ್.’ ಆದರೆ 1910ರ ನಂತರ ಆಳಿದ ಜಾರ್ಜ್ ದೊರೆಗಳ ಕಾಲದ್ದು. ‘ಮೇಡ್ ಇನ್ ಜರ್ಮನಿ’ ಎಂದು ಮುದ್ರೆ ಒತ್ತುವ ಪದ್ಧತಿ ಬಳಕೆಗೆ ಬಂದದ್ದು ಬ್ರಿಟನ್ನಿನ 1887ರ ಕಾಯ್ದೆಯಿಂದ. ‘ವೆಸ್ಟ್ ಜರ್ಮನಿ’ ಎಂದಿದ್ದರೆ 1949ರ ಈಚಿನದು.

ಮಾಡಿದವರ ಹೆಸರುಪಟ್ಟಿ ಸಿಕ್ಕರಂತೂ ಅದೃಷ್ಟ! ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು, ಏಕೆಂದರೆ ಪಿನ್ ಕೋಡ್ ಶುರುವಾದದ್ದೇ ಅಂದು. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರಿಗೆ ಮೊದಲಿನದು. ಬೆಂಗಳೂರಿನ ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂದಿದ್ದರೆ 1881ರಿಂದ 1947ರ ನಡುವಿನದು. ಬಿಲ್ಲು ಸಿಕ್ಕಿ, ಲೆಕ್ಕ ಆಣೆಯಲ್ಲಿದ್ದರೆ 1957ಕ್ಕಿಂತ ಹಿಂದಿನದು ಎನ್ನಬಹುದು. ಆ ವರ್ಷ ನಯಾಪೈಸೆ ಬಂತು.

ಖಾನೆಗೆ ಹಾಸಿದ ಹಳೆಯ ಪತ್ರಿಕೆಯನ್ನು ಮಾತ್ರ ಪೂರ್ತಿ ನಂಬಬೇಡಿ. ದೀಪಾವಳಿಗೊಮ್ಮೆ ಕಾಗದ ಬದಲಿಸುವವರು ನಾವೇ ತಾನೆ? ಆ ದಿನ ಬೀರು ಇತ್ತು ಎನ್ನಬಹುದೇ ಹೊರತು ಆ ದಿನ ಹುಟ್ಟಿತು ಎನ್ನಲಾಗದು.

ಕನ್ನಡಿಯ ಅಂಚನ್ನು ಓರೆಯಾಗಿ ಅರೆದಿದ್ದು, ದೂರದಿಂದ ನೋಡಿದಾಗ ಬಿಂಬ ಸಣ್ಣಗೆ ಅಲುಗಿದಂತೆ ಕಂಡರೆ ಹಳೆಯ ಗಾಜು. ಅಲೆಯೇ ಇಲ್ಲದ ಸಮತಟ್ಟಾದ ಫ್ಲೋಟ್ ಗಾಜನ್ನು ಇಂಗ್ಲೆಂಡಿನಲ್ಲಿ ಪ್ರಕಟಿಸಿದ್ದು 1959ರಲ್ಲಿ. ಮೂಲೆಯ ಕಪ್ಪು ಚುಕ್ಕೆಗಳಿಗಾಗಿ ಹಳೆಯ ಕನ್ನಡಿ ತೆಗೆಸಿ ಹೊಸದು ಹಾಕಿಸಬೇಡಿ. ಕೊಳ್ಳುವವರು ಹಳೆಯದನ್ನೇ ಕೇಳುತ್ತಾರೆ.

ಈಗ ಎಲ್ಲವನ್ನೂ ಒಟ್ಟಿಗೆ ನೋಡಿ. ಮೊದಲಿನಿಂದಲೂ ಇದ್ದ ಭಾಗಗಳಲ್ಲಿ ಎಲ್ಲಕ್ಕಿಂತ ಹೊಸದು ಯಾವುದೋ, ಬೀರು ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ನೆನಪಿಡಬೇಕಾದ ಸೂತ್ರ ಇದೊಂದೇ.

ಯಾವ ಮರ?

ತೇಗ, ಅಂದರೆ ಸಾಗುವಾನಿ, ಹೊಂಬಣ್ಣದಿಂದ ಕಂದಿನವರೆಗೆ ಇರುತ್ತದೆ. ಮುಟ್ಟಿದರೆ ಸ್ವಲ್ಪ ಜಿಡ್ಡು, ಹೊಸದಾಗಿ ಕೆರೆದ ಜಾಗದಲ್ಲಿ ಚರ್ಮದಂಥ ವಾಸನೆ. ಬೀಟೆ ನೇರಳೆ ಛಾಯೆಯ ಕಪ್ಪುಕಂದು, ಕಪ್ಪು ಗೆರೆಗಳು, ತೇಗಕ್ಕಿಂತ ಬಹಳ ಭಾರ. ಹಲಸು ಹಳದಿಯಾಗಿದ್ದು ವರ್ಷ ಕಳೆದಂತೆ ಕೆಂಪುಕಂದಿಗೆ ತಿರುಗುತ್ತದೆ. ಹೊರಗೆ ತೇಗ, ಹಿಂದೆ ಮತ್ತು ಡ್ರಾಯರಿನ ಅಡಿಗೆ ಕಾಡುಮರ ಹಾಕುವುದು ರೂಢಿ, ಅದು ಮೋಸವಲ್ಲ. ಅಗ್ಗದ ಮರಕ್ಕೆ ಬೀಟೆಯ ಬಣ್ಣ ಬಳಿಯುವುದೂ ಉಂಟು. ಬಾಗಿಲಿನ ಒಳ ಅಂಚನ್ನು ಕಾಣದ ಕಡೆ ಚೂರು ಕೆರೆದರೆ ಗುಟ್ಟು ರಟ್ಟಾಗುತ್ತದೆ.

ಹುಳದ ತೂತುಗಳಿವೆಯೇ? ಹೆದರಬೇಡಿ. ಕೆಳಗೆ ಬಿಳಿ ಕಾಗದ ಹಾಸಿ ಎರಡು ವಾರ ಬಿಡಿ. ಹೊಸ ಪುಡಿ ಬಿದ್ದರೆ ಕುಟ್ಟೆ ಹುಳ ಇನ್ನೂ ಇದೆ, ಔಷಧಿ ಹಾಕಿಸಬೇಕು. ಪುಡಿ ಬೀಳದಿದ್ದರೆ ಬಹುಶಃ ಅದು ಎಂದೋ ಮುಗಿದ ಕಥೆ. “ಹುಳ ಹಿಡಿದಿದೆ” ಎಂದವನಿಗೆ ಆ ಕಾಗದ ತೋರಿಸಿ!

ಬೆಲೆಯ ಲೆಕ್ಕ

ಬೀರುವಿಗೆ ಮೂರು ಬೆಲೆಗಳಿವೆ: ಮರದ ಬೆಲೆ, ಸಾಮಾನಿನ ಬೆಲೆ, ಹಳೆಯತನದ ಬೆಲೆ.

ಮರದ ಬೆಲೆಯೇ ನೆಲಗಟ್ಟು. ಉದಾಹರಣೆಗೆ 6 ಅಡಿ ಎತ್ತರ, 3½ ಅಡಿ ಅಗಲ, 1½ ಅಡಿ ಆಳದ, ಒಂದಂಗುಲ ದಪ್ಪದ ಹಲಗೆಯ ಬೀರು ಎಂದುಕೊಳ್ಳಿ. ಎರಡು ಪಕ್ಕಗಳು 18 ಚದರ ಅಡಿ. ಬಾಗಿಲುಗಳು 21. ಮೇಲೊಂದು, ಕೆಳಗೊಂದು, ನಡುವೆ ಮೂರು ಹೀಗೆ ಐದು ಅಡ್ಡ ಹಲಗೆಗಳು 26¼. ಒಟ್ಟು 65¼ ಚದರ ಅಡಿ. ಒಂದಂಗುಲ ದಪ್ಪವಾದ್ದರಿಂದ 12ರಿಂದ ಭಾಗಿಸಿ. ಸುಮಾರು 5.4 ಘನ ಅಡಿ ಮರ ಆಯಿತು. ಹಲಗೆ ಅರ್ಧ ಅಂಗುಲದ್ದಾದರೆ ಅರ್ಧ ಹಿಡಿಯಿರಿ, ಕನ್ನಡಿಯ ಜಾಗ ಕಳೆಯಿರಿ. ಬಳಿಕ ಹಳೆ ಮನೆ ಕೆಡವಿದ ಮರ ಮಾರುವ ಅಂಗಡಿಯಲ್ಲಿ ಆ ಮರದ ಘನ ಅಡಿ ದರ ಕೇಳಿ ಗುಣಿಸಿ. ಬರುವ ಮೊತ್ತಕ್ಕಿಂತ ತೀರ ಕಡಿಮೆ ಕೇಳಿದವರಿಗೆ ಬಾಗಿಲಲ್ಲೇ ನಮಸ್ಕಾರ ಹೇಳಿ.

ಎರಡನೆಯದು ಸಾಮಾನಿನ ಬೆಲೆ. ಇಂಥದ್ದನ್ನೇ ಇದೇ ಮರದಲ್ಲಿ ಹೊಸದಾಗಿ ಮಾಡಿಸಿದರೆ ಎಷ್ಟಾಗುತ್ತದೆ ಎಂದು ಪರಿಚಯದ ಆಚಾರಿಯನ್ನು ಕೇಳಿ, ರಿಪೇರಿ ಖರ್ಚು ಕಳೆಯಿರಿ. ಆದರೆ ಮಾರುವಾಗ ಇಷ್ಟು ಪೂರ್ತಿ ಕೈಗೆ ಬಾರದು. ಸಾಗಾಟ, ಪಾಲಿಶ್, ಗಿರಾಕಿಗಾಗಿ ಕಾಯುವುದು ಎಲ್ಲವನ್ನೂ ಅಂಗಡಿಯವರು ಹಿಡಿದುಕೊಳ್ಳುತ್ತಾರೆ. ದೊಡ್ಡ ಬೀರು ಈಗಿನ ಸಣ್ಣ ಮನೆಗಳ ಬಾಗಿಲಲ್ಲಿ ಹಿಡಿಯದು ಎಂಬುದೂ ಬೆಲೆ ಇಳಿಸುತ್ತದೆ. ಬಿಡಿಬಿಡಿಯಾಗಿ ಕಳಚುವಂತಿದ್ದರೆ ಹೇಳಿಬಿಡಿ.

ಮೂರನೆಯದು ಹಳೆಯತನ. ಮೊದಲಿನ ಬೀಗ, ಬೀಗದಕೈ, ಕನ್ನಡಿ, ಕಾಲುಗಳು ಎಲ್ಲವೂ ಇದ್ದರೆ, ಮಾಡಿದವರ ಹೆಸರಿದ್ದರೆ, ಮನೆಯ ಹಳೆಯ ಫೋಟೋದಲ್ಲಿ ಬೀರು ಕಾಣುತ್ತಿದ್ದರೆ ಬೆಲೆ ಏರುತ್ತದೆ. ಒಂದರ ತಲೆ, ಇನ್ನೊಂದರ ಬುಡ ಸೇರಿಸಿದ್ದರೆ ಇಳಿಯುತ್ತದೆ.

ಅವಸರ ಬೇಡ, ಕಾಯ್ದೆ ತಿಳಿದಿರಲಿ

ಮಾರುವ ಮೊದಲು ಹೊಸ ಪಾಲಿಶ್ ಹೊಡೆಸಬೇಡಿ. ಹಳೆಯದು ಅರಗಿನ ಫ್ರೆಂಚ್ ಪಾಲಿಶ್ ಹೌದೋ ಅಲ್ಲವೋ ತಿಳಿಯಲು ಕಾಣದ ಮೂಲೆಯಲ್ಲಿ ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿ. ಅರಗು ಕರಗಿ ಹತ್ತಿಗೆ ಹತ್ತುತ್ತದೆ. ಒಲೆ, ದೀಪದ ಹತ್ತಿರ ಮಾತ್ರ ಇದನ್ನು ಮಾಡಬೇಡಿ. ಮರಳು ಕಾಗದ ಹಾಕಿ ಉಜ್ಜಿದರೆ ನೂರು ವರ್ಷದ ಬಣ್ಣ ಒಂದು ಗಂಟೆಯಲ್ಲಿ ಹೋಗುತ್ತದೆ. ಒಣಬಟ್ಟೆಯಲ್ಲಿ ಧೂಳು ಒರೆಸಿದರೆ ಸಾಕು.

ನೂರು ವರ್ಷ ದಾಟಿದ ಕುಶಲಕಲೆಯ ವಸ್ತು 1972ರ ಪುರಾತನ ವಸ್ತುಗಳ ಕಾಯ್ದೆಯಡಿ ಬರುತ್ತದೆ. ಅದನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಬೀಟೆಯ ಜಾತಿಯೂ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಪಟ್ಟಿಯಲ್ಲಿದೆ. “ಅಮೆರಿಕದಲ್ಲಿರುವ ಮಗನ ಮನೆಗೆ ಕಳಿಸೋಣ” ಎನ್ನುವವರು ಮೊದಲು ವಿಚಾರಿಸಿ. ಮೈಸೂರಿನ ಬೀಟೆ ಕುಸುರಿಯ ಹಳೆಯ ಬೀರುವಿನಲ್ಲಿ ಬಿಳಿಯ ಭಾಗ ನಿಜವಾದ ದಂತವಾಗಿದ್ದರೆ ಮಾರುವ ಮಾತೇ ಬೇಡ. ದಂತದ ವ್ಯಾಪಾರ ನಿಷಿದ್ಧ. ಅರಣ್ಯ ಇಲಾಖೆಯಲ್ಲಿ ಕೇಳಿಯೇ ಮುಂದಿನ ಮಾತು.

ಇಷ್ಟೆಲ್ಲ ನೋಡಿದ ಮೇಲೆ ನಿಮ್ಮ ಬೀರು 1950ರ ಸಾಧಾರಣ ತೇಗದ ಬೀರು ಎಂದು ಗೊತ್ತಾದರೆ ಬೇಸರಪಡಬೇಡಿ. ಗಟ್ಟಿಮರದ ಸಾಮಾನು ಸೊಸೆಯ ಕಾಲಕ್ಕೂ ಬರುತ್ತದೆ. ಮಾರುವುದೇ ಆದರೆ ಅಳತೆ, ಫೋಟೋ, ನಿಮ್ಮ ಟಿಪ್ಪಣಿ ಇಟ್ಟುಕೊಂಡು ಮೂವರ ಹತ್ತಿರ ಬೆಲೆ ಕೇಳಿ. ಮೊದಲು ಬಂದವರಿಗೆ ಅದೇ ದಿನ ಒಪ್ಪಬೇಡಿ. ಮನೆಯಲ್ಲಿ ಪಾಲಿನ ಮಾತು ನಡೆದಿದ್ದರೆ ಜಮೀನು, ಚಿನ್ನದ ಜೊತೆ ಬೀರುವನ್ನೂ ಪಟ್ಟಿಗೆ ಬರೆಸಿ. “ಹಳೇ ಮರ, ಅದಕ್ಕೇನು ಲೆಕ್ಕ” ಎಂದು ಗಂಡಸರು ಬಿಟ್ಟುಬಿಡುವ ಸಾಮಾನುಗಳಲ್ಲಿ ಹೆಣ್ಣುಮಕ್ಕಳ ತವರಿನ ಪಾಲೂ ಎಷ್ಟೋ ಸಲ ಸೇರಿರುತ್ತದೆ.

ಮರೆಯದೆ ನೋಡಿ

• ಡ್ರಾಯರಿನ ಅಡಿ, ಬೀರುವಿನ ಬೆನ್ನು, ಬೀಗದ ಮುಖ.
• ತಿರುಪು, ಮೊಳೆ, ಅಂಟು ಎಲ್ಲವೂ ಒಂದೇ ಕಾಲದವೇ?
• ಬಿಳಿ ಕಾಗದದ ಮೇಲೆ ಹೊಸ ಪುಡಿ ಇದೆಯೇ?
• ಎಷ್ಟು ಘನ ಅಡಿ, ಯಾವ ಮರ, ಇವತ್ತಿನ ದರವೇನು?
• ಮಾರುವ ಮೊದಲು ಗುಟ್ಟಿನ ಖಾನೆಗಳನ್ನು ಹುಡುಕಿದ್ದೀರಾ?