‘ಪ್ರೋರೋಗ್’ ಎಂಬ ಕ್ರಿಯಾಪದ

ಶಾಸನಸಭೆಯ ಅಧಿವೇಶನ ಮುಗಿಯುವ ದಿನಗಳಲ್ಲಿ ಇಂಗ್ಲಿಷ್ ಪತ್ರಿಕೆಗಳಲ್ಲಿ ‘ಪ್ರೋರೋಗ್’ ಎಂಬ ಕ್ರಿಯಾಪದ ಕಣ್ಣಿಗೆ ಬೀಳುತ್ತದೆ. ಉಳಿದ ಕಾಲದಲ್ಲಿ ಅದನ್ನು ಕೇಳುವುದೇ ಅಪರೂಪ. ಬರೆಹದ ಕೊನೆಯಲ್ಲಿ ಎರಡು ಸ್ವರಾಕ್ಷರಗಳಿದ್ದರೂ ಉಚ್ಚಾರಣೆಯಲ್ಲಿ ಅವು ಮೌನ. ‘ಪ್ರೊರೊಗ್ಯೂ’ ಎಂದು ಓದಬಾರದು. ಕನ್ನಡದ ಕಿವಿಗೆ ‘ರೋಗ’ವೆಂದು ಕೇಳಿಸಿದರೂ ಈ ಪದಕ್ಕೂ ವ್ಯಾಧಿಗೂ ಯಾವ ನಂಟೂ ಇಲ್ಲ.

ಇದರ ಮೂಲ ಲ್ಯಾಟಿನ್ ಭಾಷೆಯ ‘ರೊಗಾರೆ’ ಎಂಬ ಧಾತು. ಕೇಳು, ಪ್ರಶ್ನಿಸು ಎಂದು ಅದರ ಅರ್ಥ. ವಿಚಾರಣೆ ಮಾಡು ಎಂಬ ಅರ್ಥದ ‘ಇಂಟರಾಗೇಟ್’, ರದ್ದುಮಾಡು ಎಂಬ ಅರ್ಥದ ‘ಆಬ್ರೊಗೇಟ್’ ಇವೂ ಇದೇ ಕುಲದವು. ರೋಮಿನಲ್ಲಿ ಅಧಿಕಾರಿಯ ಅವಧಿಯನ್ನು ಬೆಳೆಸುವುದಕ್ಕೆ ಈ ಪದ ಸಲ್ಲುತ್ತಿತ್ತು. ಕ್ರಿ. ಪೂ. ೩೨೭ರಲ್ಲಿ ಕಾನ್ಸಲ್ ಆಗಿದ್ದ ಪುಬ್ಲಿಲಿಯಸ್ ಫಿಲೊ ಎಂಬಾತನ ಸೇನಾಧಿಪತ್ಯವನ್ನು, ಮುತ್ತಿಗೆ ಮುಗಿಯುವ ಮುನ್ನವೇ ಅವಧಿ ತೀರುವುದೆಂದು, ಹೀಗೆ ಮುಂದುವರಿಸಿದರು. ಇಂಗ್ಲಿಷಿಗೆ ಬಂದ ಮೇಲೆ ‘ಬೆಳೆಸು’ ಎಂಬುದರ ಪಕ್ಕದಲ್ಲಿ ‘ಮುಂದಕ್ಕೆ ಹಾಕು’ ಎಂಬ ಅರ್ಥವೂ ಸೇರಿತು. ಷೇಕ್ಸ್‌ಪಿಯರನು ‘ರೋಮಿಯೊ ಅಂಡ್ ಜೂಲಿಯೆಟ್’ ನಾಟಕದಲ್ಲಿ ಮರಣ ಮುಂದಕ್ಕೆ ಹೋಗುವುದಕ್ಕೆ ಇದನ್ನು ಬಳಸಿದ್ದಾನೆ. ಇಂದು ಆ ಬಳಕೆ ಇಲ್ಲ. ಶಾಸನಸಭೆಯ ಅಧಿವೇಶನವನ್ನು ಮುಗಿಸುವುದೊಂದೇ ಇದರ ಕೆಲಸ.

ಹಾಗಾದರೆ ಸಭೆಗೆ ಸಂಬಂಧಪಟ್ಟ ‘ಅಡ್ಜರ್ನ್’, ‘ಡಿಸಾಲ್ವ್’ ಎಂಬ ಪದಗಳಿಗೂ ಇದಕ್ಕೂ ಭೇದವೇನು? ಶಾಲೆಯ ಮಾತಿನಲ್ಲಿ ಹೇಳುವುದಾದರೆ, ಗಂಟೆ ಬಾರಿಸಿ ತರಗತಿಯನ್ನು ಬಿಡುವುದು ‘ಅಡ್ಜರ್ನ್’. ಅವಧಿಯನ್ನೇ ಮುಗಿಸಿ ರಜೆ ಕೊಡುವುದು ‘ಪ್ರೋರೋಗ್’. ಇದ್ದ ಮಕ್ಕಳೆಲ್ಲ ಹೊರಟು ಹೊಸ ಪ್ರವೇಶ ನಡೆಯುವಂತೆ ಮಾಡುವುದು ‘ಡಿಸಾಲ್ವ್’.

ಇಲ್ಲಿ ವಾಚಕರು ಕ್ರಿಯೆಗಿಂತ ಮೊದಲು ಕರ್ತೃವನ್ನು ನೋಡಬೇಕು. ಕಲಾಪವನ್ನು ಮುಂದೂಡುವವರು ಸಭಾಧ್ಯಕ್ಷರು. ಆದರೆ ನಮ್ಮ ಸಂವಿಧಾನದ ೮೫ನೆಯ ಅನುಚ್ಛೇದದಂತೆ ಸಂಸತ್ತಿನ ಅಧಿವೇಶನವನ್ನು ಮುಗಿಸುವವರು ರಾಷ್ಟ್ರಪತಿಗಳು. ೧೭೪ರಂತೆ ರಾಜ್ಯದಲ್ಲಿ ರಾಜ್ಯಪಾಲರು. ಇಬ್ಬರೂ ಮಂತ್ರಿಮಂಡಲದ ಸಲಹೆಯಂತೆ ನಡೆಯತಕ್ಕವರು. ಆದುದರಿಂದ ‘ಸ್ಪೀಕರರು ಸದನವನ್ನು ಪ್ರೋರೋಗ್ ಮಾಡಿದರು’ ಎಂಬ ವಾಕ್ಯ ವ್ಯಾಕರಣಕ್ಕೆ ಒಪ್ಪಿದರೂ ಸಂವಿಧಾನಕ್ಕೆ ಒಪ್ಪದು.

ಇದು ಬರಿಯ ಪದಜಿಜ್ಞಾಸೆಯಲ್ಲ. ಸಂಸತ್ತಿನ ಎರಡು ಸದನಗಳೂ ಅಧಿವೇಶನದಲ್ಲಿರುವಾಗ ಸುಗ್ರೀವಾಜ್ಞೆ ಹೊರಡಿಸುವಂತಿಲ್ಲ. ೨೦೧೫ರ ಮಾರ್ಚ್ ಕೊನೆಯಲ್ಲಿ, ಆಯವ್ಯಯ ಅಧಿವೇಶನದ ನಡುವಣ ಬಿಡುವಿನಲ್ಲಿ, ರಾಜ್ಯಸಭೆಯನ್ನು ಮಾತ್ರ ಪ್ರೋರೋಗ್ ಮಾಡಲಾಯಿತು. ಏಪ್ರಿಲ್ ೩ರಂದು ಭೂಸ್ವಾಧೀನದ ಸುಗ್ರೀವಾಜ್ಞೆ ಮತ್ತೊಮ್ಮೆ ಹೊರಟಿತು. ಸದನ ಬರಿದೆ ‘ಮುಂದೂಡಲ್ಪಟ್ಟಿತು’ ಎಂದು ಸುದ್ದಿಯಲ್ಲಿ ಬರೆದರೆ ಈ ಬಾಗಿಲು ತೆರೆದುದು ಓದುಗನಿಗೆ ತಿಳಿಯುವುದೇ ಇಲ್ಲ.

ಇಂಗ್ಲೆಂಡಿನಲ್ಲಿ ಈ ಪದವೇ ನ್ಯಾಯಾಲಯದ ಮೆಟ್ಟಿಲೇರಿತು. ೨೦೧೯ರ ಸೆಪ್ಟೆಂಬರಿನಲ್ಲಿ ಪ್ರಧಾನಿ ಬೋರಿಸ್ ಜಾನ್ಸನ್ನರ ಸಲಹೆಯ ಮೇಲೆ ರಾಣಿಯ ಹೆಸರಿನಲ್ಲಿ ಪಾರ್ಲಿಮೆಂಟನ್ನು ಅಕ್ಟೋಬರ್ ೧೪ರವರೆಗೆ ಪ್ರೋರೋಗ್ ಮಾಡಿದರು. ಐರೋಪ್ಯ ಒಕ್ಕೂಟವನ್ನು ಬಿಡುವ ದಿನ ಸಮೀಪಿಸಿದ್ದ ಕಾಲವದು. ಸೆಪ್ಟೆಂಬರ್ ೨೪ರಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯದ ಹನ್ನೊಂದು ನ್ಯಾಯಾಧೀಶರೂ ಏಕಮತದಿಂದ, ತಕ್ಕ ಕಾರಣವಿಲ್ಲದೆ ಪಾರ್ಲಿಮೆಂಟಿನ ಕರ್ತವ್ಯಕ್ಕೆ ಅಡ್ಡಿಯಾದುದರಿಂದ ಆ ಸಲಹೆ ಕಾನೂನಿಗೆ ವಿರುದ್ಧ, ಪ್ರೋರೋಗ್ ನಡೆದೇ ಇಲ್ಲ ಎಂದು ತೀರ್ಪಿತ್ತರು. ಮರುದಿನವೇ ಸದನ ಸೇರಿತು.

ಇನ್ನೊಂದು ಭೇದವನ್ನೂ ಗಮನಿಸಬೇಕು. ಇಂಗ್ಲೆಂಡಿನಲ್ಲಿ ಅಧಿವೇಶನ ಹೀಗೆ ಮುಗಿದರೆ ಅರ್ಧಕ್ಕೆ ನಿಂತ ಮಸೂದೆಗಳು ಸಾಮಾನ್ಯವಾಗಿ ಬಿದ್ದುಹೋಗುತ್ತವೆ. ನಮ್ಮಲ್ಲಿ ೧೦೭ನೆಯ ಅನುಚ್ಛೇದ ಅವುಗಳನ್ನು ಕಾಯುತ್ತದೆ. ಮುಂದಿನ ಅಧಿವೇಶನದಲ್ಲಿ ಅವು ಹಾಗೆಯೇ ಮುಂದುವರಿಯುತ್ತವೆ. ಪದವೊಂದೇ, ದೇಶ ಬದಲಾದರೆ ಫಲ ಬೇರೆ.

ಕನ್ನಡದಲ್ಲಿ ‘ಅಧಿವೇಶನವನ್ನು ಮುಕ್ತಾಯಗೊಳಿಸು’ ಎಂದರೆ ಅರ್ಥ ಸಲ್ಲುತ್ತದೆ. ‘ಮುಂದೂಡು’ ಎಂದರೆ ಸಲ್ಲದು. ಮದುವೆಯನ್ನೋ ಪರೀಕ್ಷೆಯನ್ನೋ ಮುಂದಕ್ಕೆ ಹಾಕುವುದಕ್ಕೆ ಇಂಗ್ಲಿಷಿನಲ್ಲಿ ಬೇರೆ ಸುಲಭ ಪದಗಳಿವೆ. ಈ ಪದವನ್ನು ಅಲ್ಲಿಗೆ ಎಳೆಯಬೇಕಾದುದಿಲ್ಲ. ಇನ್ನು ಮುಂದೆ ಇಂಥ ಸುದ್ದಿಯನ್ನು ಆಲಿಸುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ: ನಿಂತದ್ದು ದಿನದ ಕಲಾಪವೇ, ಅಧಿವೇಶನವೇ, ಸದನವೇ? ನಿಲ್ಲಿಸಿದವರು ಯಾರು? ಯಾರ ಸಲಹೆಯಿಂದ? ಈ ಮೂರಕ್ಕೂ ಉತ್ತರ ದೊರೆತರೆ ಪದದ ಅರ್ಥದೊಡನೆ ಸುದ್ದಿಯ ಅರ್ಥವೂ ಕೈಸೇರಿದಂತೆ.