ಮೋಟಾರು ವ್ಯಾನಿನ ಇಂಜಿನನ್ನು ತಂಪಾಗಿಡುವ ಕ್ರಮ: ಚೌಡಾಪುರ ಸೀಮೆಯ ಗೌಡರಿಗೂ ಜಮೀನುದಾರರಿಗೂ ಕೆಲವು ಸೂಚನೆಗಳು

ಶಿವರಾತ್ರಿ ಕಳೆಯಿತೆಂದರೆ ಭೀಮಾತೀರದ ಎರೆಸೀಮೆಯಲ್ಲಿ ಬಿಸಿಲು ದಿನೇ ದಿನೇ ಏರತೊಡಗುವದು. ಅಫಜಲಪುರ, ಆಳಂದ, ಜೇವರ್ಗಿ ತಾಲೂಕುಗಳಲ್ಲಿ ಏಪ್ರಿಲ್, ಮೇ ತಿಂಗಳುಗಳ ಮಧ್ಯಾಹ್ನದ ಉಷ್ಣತೆಯು ೪೦ ಡಿಗ್ರಿ ಸೆಲ್ಸಿಯಸ್ಸನ್ನು ದಾಟುವದು ಸಾಮಾನ್ಯವಾದ ಸಂಗತಿ. ಇಂಥ ಕಾಲದಲ್ಲಿ ನಡುಹಗಲಿನಲ್ಲಿ ಎತ್ತು ಹೂಡಬಾರದೆಂಬದನ್ನು ಯಾವ ಒಕ್ಕಲಿಗನಿಗೂ ಕಲಿಸಿಕೊಡಬೇಕಾಗಿಲ್ಲ. ಎತ್ತು ತೇಕಿದರೆ ಅವನು ನೊಗವನ್ನಿಳಿಸಿ ನೆರಳಿಗೆ ಕಟ್ಟುವನು. ಆದರೆ ಅದೇ ಮನೆಯ ಅಂಗಳದಲ್ಲಿ ನಿಂತ ಮೋಟಾರು ವ್ಯಾನು ಯಾವಾಗ ತೇಕುವದೆಂಬದನ್ನು ಅರಿತವರು ಕಡಿಮೆ. ಎತ್ತಿನ ಜೋಡಿಯಷ್ಟೇ ಅಥವಾ ಅದಕ್ಕಿಂತಲೂ ಹೆಚ್ಚು ಬೆಲೆಬಾಳುವ ಇಂಜಿನು ಒಂದು ಗಳಿಗೆಯ ಅಲಕ್ಷ್ಯದಿಂದ ಕೆಟ್ಟುಹೋಗಬಲ್ಲದು. ಇಂಥ ಹಾನಿಯಲ್ಲಿ ಬಹುಪಾಲನ್ನು ಎರಡು ಸಂಗತಿಗಳಿಂದ ತಡೆಯಬಹುದಾಗಿದೆ: ರೇಡಿಯೇಟರಿಗೆ ಯೋಗ್ಯವಾದ ದ್ರವವನ್ನು ತುಂಬುವದು, ಮತ್ತು ಇಂಜಿನು ಕಾದಾಗ ಕೂಡಲೇ ನಿಲ್ಲಿಸುವದು.

ಕಲಬುರಗಿಯಿಂದ ಅಫಜಲಪುರಕ್ಕೆ ಹೋಗುವ ಹೆದ್ದಾರಿಯ ಮೇಲೆ ಚೌಡಾಪುರವಿದೆ. ಭೀಮಾ, ಅಮರ್ಜಾ ನದಿಗಳ ಸಂಗಮದಲ್ಲಿರುವ ದೇವಲ ಗಾಣಗಾಪುರದ ದತ್ತಕ್ಷೇತ್ರಕ್ಕೆ ಹೋಗುವ ಯಾತ್ರಿಕರು ಈ ಮಾರ್ಗವಾಗಿಯೇ ಸಾಗುವದರಿಂದ ಹುಣ್ಣಿಮೆಯ ದಿನಗಳಲ್ಲಿ ವಾಹನಗಳ ಸಂದಣಿ ಹೆಚ್ಚು. ಇದಲ್ಲದೆ ಕೂಲಿಯಾಳುಗಳನ್ನು ಹೊಲಕ್ಕೆ ಒಯ್ಯುವದು, ತೊಗರಿ ಹತ್ತಿಗಳ ಚೀಲಗಳನ್ನು ಪೇಟೆಗೆ ಸಾಗಿಸುವದು, ಅವೇಳೆಯಲ್ಲಿ ರೋಗಿಯನ್ನು ಕಲಬುರಗಿಯ ಆಸ್ಪತ್ರೆಗೆ ಮುಟ್ಟಿಸುವದು, ಈ ಎಲ್ಲ ಕೆಲಸಗಳಿಗೂ ಹಳ್ಳಿಗಳಲ್ಲಿ ಚಿಕ್ಕ ವ್ಯಾನುಗಳೇ ಆಸರೆಯಾಗಿವೆ. ೧೯೮೪ರಲ್ಲಿ ಮಾರಾಟಕ್ಕೆ ಬಂದು ೨೦೧೯ರಲ್ಲಿ ತಯಾರಿಕೆ ನಿಂತ ಮಾರುತಿ ಓಮ್ನಿಯೂ, ೨೦೧೦ರಲ್ಲಿ ಬಂದ ಈಕೋ ವ್ಯಾನೂ ಇವುಗಳಲ್ಲಿ ಸುಪರಿಚಿತವಾದವು. ಇವೆರಡರಲ್ಲಿಯೂ ಇಂಜಿನು ಮುಂಭಾಗದ ಆಸನಗಳ ಕೆಳಗಿರುವದು. ರೇಡಿಯೇಟರು ಮಾತ್ರ ಗಾಡಿಯ ಮೋರೆಯ ಕಡೆಗಿರುವದು. ಇಂಜಿನು ಕಣ್ಣಿಗೆ ಕಾಣದ ಸ್ಥಳದಲ್ಲಿರುವದರಿಂದ ಅದರ ಪರೀಕ್ಷೆಯನ್ನು ಮುಂದೂಡುವ ರೂಢಿ ಬೆಳೆದಿದೆ. ಅಲ್ಲದೆ ಬಿಸಿಯಾವಿ ಎದ್ದರೆ ಆಸನದ ಮೇಲಿದ್ದವರಿಗೇ ಮೊದಲು ಅಪಾಯ. ಆದಕಾರಣ ಇಂಥ ಗಾಡಿಗಳ ಒಡೆಯರು ಹೆಚ್ಚಿನ ಎಚ್ಚರದಿಂದಿರತಕ್ಕದ್ದು.

ಇಂಜಿನು ತಣಿಯುವ ಬಗೆ

ಸಿಲಿಂಡರಿನಲ್ಲಿ ಇಂಧನವು ಉರಿದಾಗ ಹುಟ್ಟುವ ಶಾಖದಲ್ಲಿ ಸ್ಥೂಲವಾಗಿ ಮೂರನೆಯ ಒಂದು ಪಾಲು ಮಾತ್ರ ಗಾಡಿಯನ್ನು ಎಳೆಯುವದು. ಇನ್ನೊಂದು ಪಾಲು ಹೊಗೆಯೊಡನೆ ಹೊರಗೆ ಹೋಗುವದು. ಉಳಿದ ಪಾಲನ್ನು ಇಂಜಿನಿನ ಸುತ್ತಲಿನ ದ್ರವವೇ ಹೊತ್ತು ಹೊರಗೆ ಹಾಕಬೇಕು. ವಾಟರ್ ಪಂಪು ಈ ದ್ರವವನ್ನು ಸಿಲಿಂಡರುಗಳ ಸುತ್ತಲೂ ಹರಿಯಿಸುವದು. ಕಾದ ದ್ರವವು ರಬ್ಬರಿನ ನಳಿಗೆಯ ಮೂಲಕ ರೇಡಿಯೇಟರಿಗೆ ಬಂದು, ಅಲ್ಲಿಯ ಸಣ್ಣ ಕೊಳವೆಗಳಲ್ಲಿ ಹರಿಯುತ್ತ ಗಾಳಿಗೆ ತನ್ನ ಶಾಖವನ್ನು ಕೊಟ್ಟು, ತಣಿದು ಮರಳಿ ಇಂಜಿನಿಗೆ ಹೋಗುವದು. ಗಾಡಿ ವೇಗವಾಗಿ ಓಡುವಾಗ ಎದುರುಗಾಳಿಯೇ ಸಾಕಾಗುವದು. ಕೆಸರಿನಲ್ಲಿ, ಸಂದಣಿಯಲ್ಲಿ, ಹೇರಿನೊಡನೆ ನಿಧಾನವಾಗಿ ಸಾಗುವಾಗ ಮಾತ್ರ ಎಲ್ಲ ಭಾರವೂ ಫ್ಯಾನಿನ ಮೇಲೆ ಬೀಳುವದು. ಹೆದ್ದಾರಿಯಲ್ಲಿ ಸುಖವಾಗಿ ಓಡಿದ ವ್ಯಾನು ಜಾತ್ರೆಯ ಗದ್ದಲದಲ್ಲಿ ಕಾದುನಿಲ್ಲುವದಕ್ಕೆ ಇದೇ ಕಾರಣ. ಹಾಗೆ ಕಾದರೆ ಫ್ಯಾನನ್ನೂ ಅದರ ತಂತಿಗಳನ್ನೂ ಮೊದಲು ಪರೀಕ್ಷಿಸತಕ್ಕದ್ದು.

ದ್ರವದ ಹಾದಿಯಲ್ಲಿ ಥರ್ಮೋಸ್ಟಾಟು ಎಂಬ ಚಿಕ್ಕ ಕವಾಟವಿರುವದು. ಇಂಜಿನು ತಣ್ಣಗಿರುವಾಗ ಇದು ಮುಚ್ಚಿದ್ದು, ದ್ರವವು ಸುಮಾರು ೮೦ರಿಂದ ೯೦ ಡಿಗ್ರಿಯಷ್ಟು ಕಾದ ಬಳಿಕ ತೆರೆದುಕೊಳ್ಳುವದು. ಸೆಕೆಯ ಸೀಮೆಗೆ ಇದು ಬೇಡವೆಂದು ಕಿತ್ತೊಗೆಯುವ ಮಿಸ್ತ್ರಿಗಳುಂಟು. ಇದು ತಪ್ಪು ತಿಳುವಳಿಕೆ. ಕವಾಟವಿಲ್ಲದ ಇಂಜಿನು ತಕ್ಕ ಉಷ್ಣತೆಗೆ ಬೇಗನೆ ಏರದೆ ಹೆಚ್ಚು ಇಂಧನವನ್ನು ತಿನ್ನುವದು, ಬೇಗ ಸವೆಯುವದು. ಕವಾಟವು ಸಿಕ್ಕಿಕೊಂಡಿದ್ದರೆ ಹೊಸದನ್ನು ಹಾಕಿಸಬೇಕಲ್ಲದೆ ತೆಗೆದುಬಿಡಕೂಡದು.

ರೇಡಿಯೇಟರಿನ ಮುಚ್ಚಳವೂ ಬರಿಯ ಮುಚ್ಚಳವಲ್ಲ. ಒಳಗಿನ ಒತ್ತಡವನ್ನು ಕಾಯ್ದುಕೊಳ್ಳುವದು ಅದರ ಕೆಲಸ. ತೆರೆದ ಪಾತ್ರೆಯಲ್ಲಿ ೧೦೦ ಡಿಗ್ರಿಯ ಹೊತ್ತಿಗೆ ಕುದಿಯುವ ನೀರು ಈ ಒತ್ತಡದಲ್ಲಿ ಆ ಮಟ್ಟವನ್ನು ದಾಟಿದರೂ ಕುದಿಯದೆ ಉಳಿಯುವದು. ಮುಚ್ಚಳದ ರಬ್ಬರು ಹರಿದರೆ ಒತ್ತಡ ನಿಲ್ಲದೆ ನೀರು ಬೇಗ ಕುದಿದು ಹೊರಚೆಲ್ಲುವದು. ಅಲ್ಪ ಬೆಲೆಯ ಮುಚ್ಚಳವನ್ನು ಬದಲಿಸದೆ ಸಾವಿರಾರು ರೂಪಾಯಿಗಳ ರಿಪೇರಿಗೆ ಗುರಿಯಾಗುವದು ಜಾಣತನವಲ್ಲ.

ಬಾವಿಯ ನೀರು ಯೋಗ್ಯವಲ್ಲ

ಹಿಂದಿನ ಗಾಡಿಗಳು ಸರಳವಾಗಿದ್ದವು. ೧೯೦೮ರಿಂದ ೧೯೨೭ರ ವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಗಾಡಿಗಳಲ್ಲಿ ಬಹುತೇಕ ನೀರಿನ ಪಂಪೇ ಇರಲಿಲ್ಲ. ಕಾದ ನೀರು ಮೇಲೇರಿ ತಣ್ಣೀರು ಕೆಳಗಿಳಿಯುವ ಸ್ವಭಾವದಿಂದಲೇ ಕೆಲಸ ನಡೆಯುತ್ತಿತ್ತು. ದಾರಿಯಲ್ಲಿ ಸಿಕ್ಕ ಬಾವಿಯ ನೀರನ್ನು ರೇಡಿಯೇಟರಿಗೆ ಸುರಿಯುವ ರೂಢಿ ಅಂಥ ಹಳೆಯ ಗಾಡಿಗಳ ಕಾಲದ್ದು. ಈಗಿನ ಇಂಜಿನುಗಳ ಕೊಳವೆಗಳು ಸಣ್ಣವು. ಮೇಲ್ಭಾಗವಾದ ಸಿಲಿಂಡರ್ ಹೆಡ್ಡು ಹೆಚ್ಚಾಗಿ ಅಲ್ಯುಮಿನಿಯಮಿನದು. ಹಳೆಯ ರೂಢಿ ಇವಕ್ಕೆ ಹಾನಿಕರ.

ಈ ಸೀಮೆಯ ಅನೇಕ ಬಾವಿ, ಬೋರುಗಳ ನೀರು ಗಡಸು. ಸ್ನಾನದ ಹಂಡೆಯ ತಳದಲ್ಲಿ ಬಿಳಿಯ ಹೆಕ್ಕಳೆ ಕಟ್ಟುವದನ್ನು ಪ್ರತಿಯೊಂದು ಮನೆಯವರೂ ಕಂಡಿರುವರು. ನೀರಿನಲ್ಲಿ ಕರಗಿರುವ ಸುಣ್ಣದ ಅಂಶವು ಕಾದಾಗ ಬೇರ್ಪಟ್ಟು ಹೀಗೆ ಅಂಟಿಕೊಳ್ಳುವದು. ಹಂಡೆಯಲ್ಲಾಗುವದೇ ಇಂಜಿನಿನೊಳಗೂ ಆಗುವದು. ಹಂಡೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಬಹುದು. ಇಂಜಿನಿನೊಳಗೆ ಕೈ ಹೋಗದು. ಹೆಕ್ಕಳೆಯು ಶಾಖವನ್ನು ಸುಲಭವಾಗಿ ದಾಟಗೊಡದಿರುವದರಿಂದ ನೀರು ತುಂಬಿದ್ದರೂ ಇಂಜಿನು ಕಾಯುವದು. ನೀರಿನಲ್ಲಿಯ ಉಪ್ಪು ಲೋಹವನ್ನು ತಿಂದು ತೂತು ಮಾಡುವದು.

ಆದ್ದರಿಂದ ಗಾಡಿಯ ತಯಾರಕರು ಸೂಚಿಸಿದ ಕೂಲಂಟನ್ನೇ ಉಪಯೋಗಿಸತಕ್ಕದ್ದು. ಇದರ ಮುಖ್ಯ ದ್ರವ್ಯವು ಎಥಿಲೀನ್ ಗ್ಲೈಕಾಲು. ತುಕ್ಕನ್ನು ತಡೆಯುವ ವಸ್ತುಗಳೂ ಇದರಲ್ಲಿರುವವು. ಚಳಿನಾಡಿನಲ್ಲಿ ನೀರು ಹೆಪ್ಪುಗಟ್ಟದಂತೆ ಮಾಡುವ ಈ ದ್ರವವು ಬಿಸಿಲುನಾಡಿನಲ್ಲಿ ಕುದಿಯುವ ಮಟ್ಟವನ್ನು ಏರಿಸುವದು. ಸಮಪಾಲು ನೀರು ಬೆರೆಸಿದ ಕೂಲಂಟು ಒತ್ತಡವಿಲ್ಲದೆಯೂ ೧೦೫ ಡಿಗ್ರಿಗಿಂತ ಮೇಲೆ ಕುದಿಯುವದು. ಗಟ್ಟಿ ಕೂಲಂಟಿಗೆ ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ ಬಟ್ಟಿಯಿಳಿಸಿದ ನೀರನ್ನು ಬೆರೆಸಬೇಕು. ಸಿದ್ಧಮಿಶ್ರಣಕ್ಕೆ ಏನನ್ನೂ ಬೆರೆಸಕೂಡದು. ಬೇರೆ ಬೇರೆ ಜಾತಿಯ ಕೂಲಂಟುಗಳನ್ನು ಒಂದರೊಡನೊಂದು ಕೂಡಿಸಬಾರದು. ಬಣ್ಣ ಒಂದೇ ಆದ ಮಾತ್ರಕ್ಕೆ ಜಾತಿ ಒಂದೇ ಎಂದು ನಂಬುವಂತಿಲ್ಲ. ದಾರಿಯಲ್ಲಿ ಆಪತ್ತು ಬಂದು ನೀರೇ ಬೇಕಾದರೆ ಬೋರಿನ ನೀರಿಗಿಂತ ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕದ ನೀರು ಉತ್ತಮ, ಏಕೆಂದರೆ ಅದರಲ್ಲಿ ಲವಣಗಳು ಕಡಿಮೆ. ಊರು ಮುಟ್ಟಿದ ಬಳಿಕ ಅದನ್ನು ಬಸಿದು ಯೋಗ್ಯ ಮಿಶ್ರಣವನ್ನು ತುಂಬಿಸತಕ್ಕದ್ದು.

ದಾರಿಯಲ್ಲಿ ಇಂಜಿನು ಕಾದರೆ

ಚೈತ್ರ ವೈಶಾಖದ ಒಂದು ಮಧ್ಯಾಹ್ನ ಎಂಟು ಜನರನ್ನು ಹೊತ್ತ ವ್ಯಾನು ಚೌಡಾಪುರದತ್ತ ಬರುತ್ತಿದೆಯೆಂದು ಭಾವಿಸಬಹುದು. ಉಷ್ಣತೆಯ ಮುಳ್ಳು ಕೆಂಪು ಗೆರೆಯನ್ನು ಮುಟ್ಟಿದೆ, ಅಥವಾ ಕೆಂಪು ದೀಪ ಹತ್ತಿದೆ. ಊರು ಇನ್ನು ಎರಡೇ ಮೈಲಿಯೆಂದು ಡ್ರೈವರನು ಗಾಡಿಯನ್ನು ಓಡಿಸುವನು. ಆ ಎರಡು ಮೈಲಿಗಳಲ್ಲಿ ಸಿಲಿಂಡರ್ ಹೆಡ್ಡು ಸೊಟ್ಟಗಾಗಿ, ಹೆಡ್ ಗ್ಯಾಸ್ಕೆಟ್ಟು ಸುಟ್ಟು, ಕೂಲಂಟು ಎಣ್ಣೆಯಲ್ಲಿ ಬೆರೆಯುವದು. ಹಾಗೆ ಬೆರೆತ ಇಂಜಿನಿನ ಎಣ್ಣೆಯು ಮಜ್ಜಿಗೆಯಂತೆ ಬೆಳ್ಳಗಾಗುವದು. ಹೊಗೆಕೊಳವೆಯಿಂದ ದಟ್ಟವಾದ ಬಿಳಿಹೊಗೆ ಏಳುವದು. ಕೆಂಪು ದೀಪ ಹತ್ತಿದ ಕೂಡಲೇ ನಿಲ್ಲಿಸಿದ್ದರೆ ಒಂದು ನಳಿಗೆಯನ್ನೋ ಬೆಲ್ಟನ್ನೋ ಬದಲಿಸುವದರಲ್ಲಿ ಮುಗಿಯುತ್ತಿದ್ದ ಕೆಲಸವು ಇಂಜಿನನ್ನೇ ಬಿಚ್ಚಿಸುವ ಕೆಲಸವಾಗುವದು.

ಇಂಥ ಸಮಯದಲ್ಲಿ ಅನುಸರಿಸತಕ್ಕ ಕ್ರಮ ಹೀಗಿದೆ:

೧. ಮುಳ್ಳು ಏರತೊಡಗಿದೊಡನೆ ಏಸಿಯನ್ನು ನಿಲ್ಲಿಸಬೇಕು. ಬಿಸಿಗಾಳಿಯ ಹೀಟರಿದ್ದರೆ ಕಿಟಕಿಗಳನ್ನು ತೆರೆದು ಅದನ್ನು ಹಚ್ಚಬೇಕು. ಇಂಜಿನಿನ ಶಾಖದಲ್ಲಿ ಸ್ವಲ್ಪ ಭಾಗ ಅದರ ಮೂಲಕ ಹೊರಗೆ ಹೋಗುವದು.

೨. ಕೆಂಪು ದೀಪ ಹತ್ತಿದರೆ ಅಥವಾ ಆವಿ ಕಂಡರೆ ಗಾಡಿಯನ್ನು ರಸ್ತೆಯ ಬದಿಗೆ ತಂದು ಇಂಜಿನನ್ನು ಆರಿಸಬೇಕು. ಎಲ್ಲರನ್ನೂ ಇಳಿಸಿ ದೂರ ನಿಲ್ಲಿಸಬೇಕು.

೩. ಇಂಜಿನು ಪೂರ್ಣ ತಣಿಯುವ ತನಕ, ಕಡಿಮೆಯೆಂದರೆ ಮುಕ್ಕಾಲು ತಾಸು, ಮುಚ್ಚಳವನ್ನು ಮುಟ್ಟಕೂಡದು. ಬಿಸಿಯಿರುವಾಗ ತೆರೆದರೆ ಒತ್ತಡ ಒಮ್ಮೆಲೆ ಇಳಿದು, ಕುದಿಯುವ ದ್ರವವು ಮೋರೆಯ ಮೇಲೆ ಚಿಮ್ಮುವದು. ಇದರಿಂದ ಕಣ್ಣಿಗೂ ಚರ್ಮಕ್ಕೂ ಘೋರವಾದ ಸುಟ್ಟಗಾಯಗಳಾಗುವವು. ವಿದ್ಯುತ್ ಫ್ಯಾನು ಇಂಜಿನು ಆರಿದ ಮೇಲೂ ತಾನಾಗಿ ತಿರುಗಬಹುದಾದ್ದರಿಂದ ಅದರ ಬಳಿ ಕೈಯನ್ನು ಒಯ್ಯಬಾರದು.

೪. ತಣಿದ ಬಳಿಕ ದಪ್ಪ ಅರಿವೆಯನ್ನು ಮುಚ್ಚಳದ ಮೇಲೆ ಹಾಕಿ ನಿಧಾನವಾಗಿ ಸಡಿಲಿಸಿ, ಆವಿಯನ್ನು ಪೂರ್ಣ ಬಿಟ್ಟು, ಆಮೇಲೆ ತೆಗೆಯಬೇಕು.

೫. ಕಾದ ಇಂಜಿನಿನ ಮೇಲಾಗಲಿ ಒಳಗಾಗಲಿ ತಣ್ಣೀರನ್ನು ಸುರಿಯಕೂಡದು. ಕಾದ ಕಲ್ಲಿನ ಮೇಲೆ ತಣ್ಣೀರು ಬಿದ್ದಂತೆ ಲೋಹವು ಬಿರಿಯುವದು.

೬. ಸೋರಿಕೆ ನಿಲ್ಲದಿದ್ದರೆ ಗಾಡಿಯನ್ನು ನಡೆಸದೆ ಎಳೆಯಿಸಿಕೊಂಡು ಹೋಗುವದೇ ಲಾಭಕರ.

ಇನ್ನೊಂದು ಮಾತನ್ನು ವಿಶೇಷವಾಗಿ ಗಮನಿಸಬೇಕು. ಕಾದ ಗಾಡಿಯ ಮುಳ್ಳು ಇದ್ದಕ್ಕಿದ್ದಂತೆ ಕೆಳಗಿಳಿದರೆ ಇಂಜಿನು ತಣಿಯಿತೆಂದು ತಿಳಿಯಬಾರದು. ದ್ರವವೆಲ್ಲ ಸೋರಿಹೋಗಿ, ಉಷ್ಣತೆಯನ್ನು ಅಳೆಯುವ ಸಾಧನಕ್ಕೆ ದ್ರವ ತಾಗದಿದ್ದಾಗಲೂ ಹೀಗಾಗಬಲ್ಲದು. ಇದು ಎಲ್ಲಕ್ಕಿಂತ ಕೆಟ್ಟ ಚಿಹ್ನೆ.

ನಿತ್ಯದ ಮತ್ತು ಕಾಲಕಾಲದ ಪರೀಕ್ಷೆ

ಬೆಳಿಗ್ಗೆ ಇಂಜಿನು ತಣ್ಣಗಿರುವಾಗ ಕೂಲಂಟಿನ ಡಬ್ಬಿಯನ್ನು ನೋಡಿ, ದ್ರವವು ಮೇಲಿನ ಕೆಳಗಿನ ಗುರುತುಗಳ ನಡುವೆ ಇದೆಯೋ ಇಲ್ಲವೋ ಎಂದು ಅರಿಯಬೇಕು. ಪದೇ ಪದೇ ತುಂಬಬೇಕಾಗಿ ಬಂದರೆ ಎಲ್ಲಿಯೋ ಸೋರಿಕೆಯಿರುವದು ನಿಶ್ಚಯ. ಗಾಡಿಯ ಕೆಳಗೆ ಬಿದ್ದ ಹನಿಯೂ ಸುದ್ದಿ ಹೇಳುವದು. ಬಣ್ಣವಿಲ್ಲದ ನೀರಿನ ಹನಿಯಾದರೆ ಅದು ಏಸಿಯದು, ನಿರಪಾಯ. ಬಣ್ಣದ, ಜಾರುವ ದ್ರವವಾದರೆ ಕೂಲಂಟು.

ವಾರಕ್ಕೊಮ್ಮೆ ಮುಂಭಾಗದ ಆಸನವನ್ನೆತ್ತಿ ರಬ್ಬರಿನ ನಳಿಗೆಗಳನ್ನು ನೋಡಬೇಕು. ತಣ್ಣಗಿರುವಾಗ ಹಿಸುಕಿದರೆ ಅತಿ ಮೆತ್ತಗಾಗಿದ್ದರೂ, ಗಡುಸಾಗಿ ಬಿರಿದಿದ್ದರೂ ಬದಲಿಸತಕ್ಕದ್ದು. ಪಂಪನ್ನು ತಿರುಗಿಸುವ ಬೆಲ್ಟು ಸಡಿಲಾಗಿದ್ದರೆ ಬಿಗಿ ಮಾಡಿಸಬೇಕು. ಎಳೆ ಬಿಚ್ಚಿದ್ದರೆ ಹೊಸದನ್ನು ಹಾಕಿಸಬೇಕು.

ತೊಗರಿಯ ರಾಶಿ, ಹತ್ತಿಯ ಬಿಡಿಸುವಿಕೆಗಳ ಕಾಲದಲ್ಲಿ ಹೊಟ್ಟು, ಧೂಳು, ಅರಳೆಯ ಎಳೆಗಳು ರೇಡಿಯೇಟರಿನ ರೆಕ್ಕೆಗಳಲ್ಲಿ ಸಿಕ್ಕಿಕೊಳ್ಳುವವು. ಏಸಿಯಿರುವ ಗಾಡಿಗಳಲ್ಲಿ ಅದರ ಕಂಡೆನ್ಸರು ರೇಡಿಯೇಟರಿನ ಮುಂದೆಯೇ ಇರುವದರಿಂದ ಇವೆರಡರ ನಡುವೆ ಕಸ ತುಂಬಿ ಗಾಳಿ ಆಡದಂತಾಗುವದು. ಮಳೆಗಾಲದಲ್ಲಿ ಎರೆಮಣ್ಣಿನ ಕೆಸರು ಒಣಗಿ ಗಾರೆಯಂತೆ ಗಟ್ಟಿಯಾಗುವದು. ಇಂಜಿನು ತಣ್ಣಗಿರುವಾಗ ಮೆಲುಧಾರೆಯ ನೀರಿನಿಂದ, ಸಾಧ್ಯವಿದ್ದಷ್ಟು ಒಳಗಿನಿಂದ ಹೊರಮುಖವಾಗಿ, ತೊಳೆಯಬೇಕು. ರಭಸದ ಧಾರೆಯಿಂದ ತೆಳುವಾದ ರೆಕ್ಕೆಗಳು ಬಾಗುವವು. ಟ್ರಾಕ್ಟರುಗಳಿಗೂ ಈ ಸೂಚನೆ ಅನ್ವಯಿಸುವದು.

ಕೂಲಂಟನ್ನು ತಯಾರಕರ ಪುಸ್ತಕದಲ್ಲಿ ಹೇಳಿದ ಅವಧಿಗೆ ತಪ್ಪದೆ ಬದಲಿಸಬೇಕು. ಬಣ್ಣ ಉಳಿದಿದ್ದರೂ ತುಕ್ಕನ್ನು ತಡೆಯುವ ಗುಣ ತೀರಿಹೋಗಿರುವದುಂಟು. ಈ ಕೆಲಸವನ್ನು ಬೇಸಗೆಯ ಮೊದಲೇ ಮುಗಿಸುವದು ಲೇಸು.

ದನಕರುಗಳ ಬಗ್ಗೆ ಎಚ್ಚರಿಕೆ

ಕೂಲಂಟು ವಿಷ. ಅದರ ರುಚಿ ಸಿಹಿಯಾಗಿರುವದರಿಂದ ನಾಯಿ, ಕರು, ಆಡುಗಳು ನೆಕ್ಕುವವು. ಮಕ್ಕಳೂ ಬಾಯಿಗೆ ಹಾಕಿಕೊಳ್ಳಬಹುದು. ಕುಡಿದ ಪ್ರಾಣಿಯು ಮೊದಲು ಅಮಲೇರಿದಂತೆ ತೂರಾಡುವದು; ತರುವಾಯ ಅದರ ಮೂತ್ರಪಿಂಡಗಳು ಕೆಡುವವು. ಚಿಕಿತ್ಸೆಯು ಬೇಗ ದೊರೆತರೆ ಮಾತ್ರ ಫಲಕಾರಿ. ಆದ್ದರಿಂದ ಮನುಷ್ಯರನ್ನು ಆಸ್ಪತ್ರೆಗೂ, ದನಗಳನ್ನು ಪಶುವೈದ್ಯರ ಬಳಿಗೂ ತಡಮಾಡದೆ ಒಯ್ದು, ಕೂಲಂಟಿನ ಡಬ್ಬಿಯನ್ನೂ ತೋರಿಸತಕ್ಕದ್ದು. ಬಸಿದ ದ್ರವವನ್ನು ಬಾವಿಯ ಹತ್ತಿರ, ಹಳ್ಳದಲ್ಲಿ, ಗೋದಲಿಯ ಬಳಿ ಚೆಲ್ಲಲೇಕೂಡದು. ಮುಚ್ಚಳವಿರುವ, ಹೆಸರು ಬರೆದ ಡಬ್ಬಿಯಲ್ಲಿ ಕೂಡಿಟ್ಟು ದುರಸ್ತಿಶಾಲೆಗೆ ಒಪ್ಪಿಸಬೇಕು. ಕುಡಿಯುವ ನೀರಿನ ಬಾಟಲಿಗಳಲ್ಲಿ ತುಂಬಿಡುವ ರೂಢಿಯನ್ನು ಸರ್ವಥಾ ಬಿಡತಕ್ಕದ್ದು.

ಗ್ರಾಮಮುಖ್ಯರಿಗೆ ಬಿನ್ನಹ

ಅನೇಕ ವೇಳೆ ಗಾಡಿಯ ಒಡೆಯನೊಬ್ಬ, ನಡೆಸುವವನು ಇನ್ನೊಬ್ಬ. ಕೆಂಪು ದೀಪ ಹತ್ತಿದಾಗ ಆಳು ಗಾಡಿಯನ್ನು ನಿಲ್ಲಿಸದಿರುವದು ಹಲವು ಸಲ ಅಜ್ಞಾನದಿಂದಲ್ಲ, ತಡವಾದರೆ ಧಣಿಯರು ಸಿಟ್ಟಾಗುವರೆಂಬ ಅಂಜಿಕೆಯಿಂದ. ಗಾಡಿ ಕಾದರೆ ನಿಲ್ಲಿಸು, ತಡವಾದರೆ ಚಿಂತೆಯಿಲ್ಲ ಎಂಬ ಮಾತನ್ನು ಒಡೆಯನು ಮೊದಲೇ ಹೇಳಿಟ್ಟರೆ ಇಂಜಿನೂ ಉಳಿಯುವದು, ಆಳಿನ ಕೈಕಣ್ಣುಗಳೂ ಉಳಿಯುವವು. ಊರಿನ ಹಿರಿಯರು ಬೇಸಗೆಯ ಮುಂಚೆ ಒಂದು ದಿನ ಊರಿನ ಡ್ರೈವರರನ್ನು ಕೂಡಿಸಿ, ಬಲ್ಲ ಮಿಸ್ತ್ರಿಯಿಂದ ಈ ಸಂಗತಿಗಳನ್ನು ತೋರಿಸಿಕೊಟ್ಟರೆ ಬಹಳ ಉಪಕಾರವಾಗುವದು. ಅವೇಳೆಯಲ್ಲಿ ಬಾಣಂತಿಯನ್ನೋ ಹಾವು ಕಚ್ಚಿದವನನ್ನೋ ಕಲಬುರಗಿಗೆ ಮುಟ್ಟಿಸಬೇಕಾದಾಗ ಊರಿನ ವ್ಯಾನು ನಡುದಾರಿಯಲ್ಲಿ ಕೈಕೊಡದಂತೆ ನೋಡಿಕೊಳ್ಳುವದು ಎಲ್ಲರ ಹೊಣೆಯಾಗಿರುವದು.