ನೋವಿನ ಮಾತ್ರೆಯನ್ನು ಪುಡಿ ಮಾಡಬೇಡಿ



ಕಳೆದ ಮಳೆಗಾಲದಲ್ಲಿ ಹಾಸಿಗೆ ಹಿಡಿದಿದ್ದ ಹಿರಿಯರೊಬ್ಬರಿಗೆ ಪರಮಪ್ರಸಾದ ಕೊಡಲು ನಾವು ಅವರ ಮನೆಗೆ ಹೋಗಿದ್ದೆವು. ಬಾಯಿಯ ಕ್ಯಾನ್ಸರಿನ ನೋವಿಗೆ ವೈದ್ಯರು ಮಾರ್ಫಿನ್ ಮಾತ್ರೆ ಬರೆದುಕೊಟ್ಟಿದ್ದರು. ಮಾವನಿಗೆ ನುಂಗಲು ಕಷ್ಟವೆಂದು ಸೊಸೆ ಅದನ್ನು ಪುಡಿ ಮಾಡಿ ಗಂಜಿಯಲ್ಲಿ ಕಲಸಿ ಕೊಟ್ಟಿದ್ದರು. ನಾವು ತಲಪಿದಾಗ ಕರೆದರೆ ಎಚ್ಚರವಿಲ್ಲ, ಉಸಿರು ಬಹಳ ನಿಧಾನ. ಕೂಡಲೇ ಆಸ್ಪತ್ರೆಗೆ ಒಯ್ದದ್ದರಿಂದ ಅವರು ಬದುಕಿದರು. ಸೊಸೆ ಪ್ರೀತಿಯಿಂದಲೇ ಮಾಡಿದ್ದು, ತಿಳಿಸಿ ಹೇಳಿದವರಿರಲಿಲ್ಲ. ಆದ್ದರಿಂದ ಈ ಸಲ ಇದೇ ವಿಷಯ.

ಮಾರ್ಫಿನ್ ಅಫೀಮಿನಿಂದ ತೆಗೆಯುವ ಮದ್ದು. ಇದರ ಮಾತ್ರೆಯಲ್ಲಿ ಎರಡು ವಿಧ. ಸಾಧಾರಣ ಮಾತ್ರೆಯ ಗುಣ ಸುಮಾರು 4 ಗಂಟೆ ನಿಲ್ಲುತ್ತದೆ. ಇನ್ನೊಂದು ನಿಧಾನವಾಗಿ ಕರಗುವಂಥದ್ದು. ಸಾಮಾನ್ಯವಾಗಿ 12 ಗಂಟೆಗೊಮ್ಮೆ ಕೊಡುತ್ತಾರೆ. ನಮ್ಮ ಗುಡ್ಡದ ಸುರಂಗದಿಂದ ಹಗಲೂ ರಾತ್ರಿ ಸಣ್ಣಗೆ ನೀರು ಹರಿದು ಬರುವಂತೆ, ಇದರಿಂದ ಮದ್ದು ಸ್ವಲ್ಪ ಸ್ವಲ್ಪವಾಗಿ ಮೈಗೆ ಸೇರುತ್ತದೆ. ಅದನ್ನು ಪುಡಿ ಮಾಡಿದರೆ, ತುಂಡರಿಸಿದರೆ, ಜಗಿದರೆ ಕೆರೆಯ ಕಟ್ಟ ಒಡೆದ ಹಾಗೆ: ಅರ್ಧ ದಿನದ ಮದ್ದು ಒಮ್ಮೆಗೇ ಮೈಗೇರಿ ಉಸಿರಾಟವನ್ನೇ ಕುಗ್ಗಿಸುತ್ತದೆ.

ಆದುದರಿಂದ ಇವನ್ನು ನೆನಪಿಡಿ:

1. ಮಾತ್ರೆ ಯಾವ ವಿಧದ್ದೆಂದು ವೈದ್ಯರಲ್ಲಿ ಕೇಳಿ ತಿಳಿಯಿರಿ. ನುಂಗಲಾಗದಿದ್ದರೆ ಅವರಿಗೆ ಹೇಳಿ; ಬೇರೆ ದಾರಿಗಳಿವೆ.

2. ಗಡಿಯಾರ ನೋಡಿ ಹೊತ್ತಿಗೆ ಸರಿಯಾಗಿ ಕೊಡಿ. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ಕೊಡಬೇಡಿ.

3. ಮಲಬದ್ಧತೆ ಬಹುತೇಕ ಎಲ್ಲರಿಗೂ ಆಗುತ್ತದೆ. ಅದರ ಮದ್ದನ್ನು ಮೊದಲ ದಿನದಿಂದಲೇ ಕೇಳಿ ಪಡೆಯಿರಿ. ವಾಕರಿಕೆ, ತೂಕಡಿಕೆ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಕಡಿಮೆಯಾಗುತ್ತವೆ.

4. ಮದ್ಯ ಬೇಡ. ವೈದ್ಯರಿಗೆ ತಿಳಿಸದೆ ನಿದ್ರೆಮಾತ್ರೆಯೂ ಬೇಡ. ಮೂತ್ರಪಿಂಡದ ಕಾಯಿಲೆ ಇದ್ದರೆ ಮೊದಲೇ ಹೇಳಿ. ತೂಕಡಿಕೆ ಇರುವವರು ಬೈಕು ಓಡಿಸುವುದು, ಅಡಿಕೆ ಮರ ಹತ್ತುವುದು ಬೇಡ.

5. ನೋವು ಕಡಿಮೆಯಾಯಿತೆಂದು ಥಟ್ಟನೆ ನಿಲ್ಲಿಸಬೇಡಿ. ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು.

6. ತೋಟದ ವಿಷದ ಬಾಟಲಿಯಂತೆ ಇದನ್ನೂ ಬೀಗ ಹಾಕಿ ಇಡಿ. ನೆರೆಯವರ ಸೊಂಟನೋವಿಗೆ ಒಂದನ್ನೂ ಕೊಡಬೇಡಿ. ಉಳಿದದ್ದನ್ನು ಕೊಟ್ಟಲ್ಲಿಗೇ ಹಿಂತಿರುಗಿಸಿ.

ರೋಗಿ ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾದರೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾದರೆ ತಡಮಾಡದೆ 108ಕ್ಕೆ ಕರೆಮಾಡಿ. ನಾಲೋಕ್ಸೋನ್ ಎಂಬ ಪ್ರತಿಮದ್ದು ಇದೆ.

ಹಾಗೆಂದು ಹೆದರಿ ಮದ್ದನ್ನು ಅಡಗಿಸಿಡುವುದೂ ಸರಿಯಲ್ಲ. "ಚಟ ಹಿಡಿದೀತು" ಎಂದು ಕ್ಯಾನ್ಸರ್ ರೋಗಿಯನ್ನು ನರಳಿಸುವ ಮನೆಗಳನ್ನು ನಾವು ಕಂಡಿದ್ದೇವೆ. ಹೇಳಿದ ಪ್ರಮಾಣದಲ್ಲಿ, ವೈದ್ಯರ ಕಣ್ಗಾವಲಿನಲ್ಲಿ ನೋವಿಗಾಗಿ ತೆಗೆದುಕೊಳ್ಳುವವರಿಗೆ ಆ ಭಯ ಕಡಿಮೆ. ಆದರೆ ಬಹುಕಾಲದ ಬೆನ್ನುನೋವು, ಗಂಟುನೋವಿಗೆ ಇದು ಮೊದಲ ಮದ್ದಲ್ಲ. ಅಲ್ಲಿ ಲಾಭಕ್ಕಿಂತ ಅಪಾಯವೇ ಹೆಚ್ಚಾಗಬಹುದು.

1985ರ ಮಾದಕವಸ್ತು ಕಾನೂನಿನ ಬಿಗಿಯಿಂದ ನಮ್ಮ ದೇಶದಲ್ಲಿ ರೋಗಿಗಳಿಗೆ ಮಾರ್ಫಿನ್ ಸಿಗುವುದೇ ದುರ್ಲಭವಾಗಿತ್ತು. 2014ರಲ್ಲಿ ಆ ಕಾನೂನಿಗೆ ತಿದ್ದುಪಡಿಯಾಯಿತು. ನಮ್ಮ ಕೇರಳದಲ್ಲಿ 1993ರಲ್ಲೇ ಕೋಝಿಕ್ಕೋಡಿನಲ್ಲಿ ಉಪಶಾಮಕ ಚಿಕಿತ್ಸೆಯ ಕೆಲಸ ಆರಂಭವಾಗಿ, 2008ರಲ್ಲಿ ಸರಕಾರವೇ ಅದಕ್ಕೊಂದು ನೀತಿ ರೂಪಿಸಿತು. ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಗೇ ಬರುತ್ತಾರೆ. ಅವರನ್ನು ಕೇಳಲು ಸಂಕೋಚಪಡಬೇಡಿ.

"ಫಾದರ್, ನೋವನ್ನು ದೇವರಿಗೆ ಒಪ್ಪಿಸಬೇಕಲ್ಲವೇ, ಮದ್ದು ತಿಂದರೆ ಪಾಪವೇ?" ಎಂದು ಆ ಹಿರಿಯರು ಚೇತರಿಸಿಕೊಂಡ ಮೇಲೆ ಕೇಳಿದರು. ಪಾಪವಲ್ಲ. ಹನ್ನೆರಡನೆಯ ಪಿಯುಸ್ ಜಗದ್ಗುರುಗಳು 1957ರಲ್ಲಿಯೇ ವೈದ್ಯರಿಗೆ ಇದನ್ನು ಸ್ಪಷ್ಟಪಡಿಸಿದ್ದಾರೆ. ನೋವು ತಗ್ಗಿದ ದಿನ ಅವರು ನಮ್ಮೊಂದಿಗೆ ಜಪಸರ ಪೂರ್ತಿ ಹೇಳಿದರು. ಮಾತ್ರೆಯ ಡಬ್ಬಿಯ ಮೇಲೆ ಸೊಸೆ ದೊಡ್ಡಕ್ಷರದಲ್ಲಿ ಬರೆದು ಅಂಟಿಸಿದ್ದರು: ಪುಡಿ ಮಾಡಬಾರದು. ನಿಮ್ಮ ಮನೆಯಲ್ಲಿಯೂ ಹಾಗೆಯೇ ಬರೆದಿಡಿ.